ಎಡಗಡೆ ಹಿಂಚಕ್ರದ ಗುಲಾಬಿ ಬೊಟ್ಟು

ಸರ್ವಿಸ್‌ಗೆ ಬಂದ ಕಾರಿನ ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದು ಇದನ್ನೇ. ಕಾರಿಗೆ ಆಗಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನ ಮೇಲೆ ಕಾರಿನ ಚಿತ್ರ ಇರುತ್ತಿತ್ತು. ಎಲ್ಲಿ ಗೀರಿದೆ, ಎಲ್ಲಿ ನೆಗ್ಗಿದೆ ಎಂದು ಆ ಚಿತ್ರದ ಮೇಲೆ ಗುರುತು ಮಾಡಿ, ಕೆಳಗೆ ಮಾಲೀಕರ ಸಹಿ ಹಾಕಿಸಿಕೊಳ್ಳಬೇಕಿತ್ತು. ಈಗ ಚಿತ್ರ ಹೋಗಿ ಮೊಬೈಲು ಬಂದಿದೆ, ನಾಲ್ಕು ಮೂಲೆಯಿಂದ ಫೋಟೋ ಹೊಡೆದರೆ ಮುಗಿಯಿತು. ನಾಳೆ ಜಗಳ ಬಂದರೆ ‘ಇದು ನಮ್ಮಲ್ಲಿ ಆಗಿದ್ದಲ್ಲ’ ಎಂದು ಹೇಳುವುದಕ್ಕೇ ಆಗಲೂ ಈಗಲೂ ಈ ಏರ್ಪಾಡು.

ಹಾಸನದಲ್ಲಿ ಮೂವತ್ನಾಲ್ಕು ವರ್ಷ ನಾನು ಕಾರುಗಳ ಸುತ್ತ ಈ ಪ್ರದಕ್ಷಿಣೆ ಹಾಕಿದ್ದೇನೆ. ಮೊದಲು ಒಂದು ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್, ಆಮೇಲೆ ದೊಡ್ಡ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಒಂದರಿಂದ ಇನ್ನೊಂದಕ್ಕೆ ಹೇಗೆ ಏರಿದೆ ಎಂಬ ಕಥೆಯಿಂದ ಯಾರಿಗೂ ಉಪಯೋಗವಿಲ್ಲ. ಹಳೆ ಗೀರು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಭ ಮಾತ್ರ ಕೊನೆಯವರೆಗೂ ಇತ್ತು. ನಮ್ಮೂರು ಕೊರವಂಗಲದ ಹೊಯ್ಸಳರ ಗುಡಿ ನೋಡಲು ದೂರದಿಂದ ಬಂದವರು ಕೂಡ ಅಲ್ಲಿನ ಕೆತ್ತಿದ ಕಲ್ಲನ್ನು, ನಾನು ಬಂಪರನ್ನು ನೋಡುತ್ತಿದ್ದಷ್ಟು ಹತ್ತಿರದಿಂದ ನೋಡುವುದಿಲ್ಲ. ಬೇರೆಯವರ ತಪ್ಪು ಕಂಡುಹಿಡಿಯುವುದರಲ್ಲಿ ಇಷ್ಟು ಚುರುಕಾಗಿದ್ದವನು ನನ್ನ ತಪ್ಪನ್ನು ಏನು ಮಾಡಿದೆ ಎಂಬುದನ್ನು ಈಗ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ.

ಮೊದಲು ಶೆಡ್ಡಿನ ಮಾತು. ಅದರ ಯಜಮಾನ ರಂಗಣ್ಣ, ನನಗೆ ಕೆಲಸ ಕಲಿಸಿದ ಗುರು. ಬಾಯಿ ಬಿಟ್ಟರೆ ಬೈಗುಳ, ಕೈ ಮಾತ್ರ ಅಪ್ಪಟ ಚಿನ್ನ. ಸೇರಿದ ಮೊದಲ ವರ್ಷವೇ ನನ್ನ ಕೈಯಿಂದ ಒಂದು ದೊಡ್ಡ ಸ್ಪ್ಯಾನರು ಜಾರಿ ಒಬ್ಬ ವಕೀಲರ ಕಾರಿನ ಮುಂದಿನ ಗಾಜಿನ ಮೇಲೆ ಬಿತ್ತು. ಗಾಜು ಈ ತುದಿಯಿಂದ ಆ ತುದಿಗೆ ಸೀಳಿತು. ಸಂಜೆ ವಕೀಲರು ಬಂದಾಗ ನಾನು ಡಬ್ಬಗಳ ಹಿಂದೆ ಅಡಗಿ ನಿಂತಿದ್ದೆ. ರಂಗಣ್ಣ, “ನಮ್ ಕೈತಪ್ಪು ಸಾ. ನಾಳಿದ್ದು ಒಸ ಗಾಜು ಆಕ್ಸಿ ಕೊಡ್ತೀನಿ” ಎಂದಷ್ಟೇ ಹೇಳಿದ. ಅವರು ಹೋದಮೇಲೆ ನನ್ನ ಸಂಬಳದಲ್ಲಿ ಮುರಿದುಕೊಳ್ಳಿ ಎಂದು ನಾನೇ ಹೋಗಿ ಕೇಳಿದೆ.

“ಲೇ ಶಂಕ್ರ, ಅವ್ರು ಕೀಲಿ ಕೊಟ್ಟಿದ್ದು ಯಾರ್ ಕೈಗ್ಲಾ? ನನ್ ಕೈಗೆ. ನಿನ್ ಕೈಗಲ್ಲ ಕಣ್ಲಾ. ಕೀಲಿ ಇಸ್ಕೊಂಡವ್ನು ಕಟ್ಬೇಕು. ನೀನು ಇನ್ಮೇಲೆ ಸ್ಪ್ಯಾನರ್ ನೆಟ್ಟುಗ್ ಇಡ್ಕೊ, ಸಾಕು” ಎಂದ.

ರಿಪೇರಿಗೆ ಬಿಟ್ಟ ಕಾರು ಕೆಟ್ಟರೆ ಯಾರು ಕಟ್ಟಿಕೊಡಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರವನ್ನು ಆಮೇಲೆ ಯಾವ ವಕೀಲರಿಂದಲೂ ನಾನು ಕೇಳಲಿಲ್ಲ. ಆದರೆ ದೊಡ್ಡ ವರ್ಕ್‌ಶಾಪಿಗೆ ಬಂದಮೇಲೆ ಅದನ್ನು ಮರೆತೆ. ಅಲ್ಲಿ ಜಾಬ್ ಕಾರ್ಡಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ವಾಹನವನ್ನು ಮಾಲೀಕರ ಸ್ವಂತ ಹೊಣೆಯ ಮೇಲೆ ಇರಿಸಿಕೊಳ್ಳಲಾಗಿದೆ’ ಎಂದು ಅಚ್ಚು ಹಾಕಿಸಿದ್ದರು. ಏನಾದರೂ ಆದರೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುವುದು ನನ್ನ ಕೆಲಸ.

ಅರಕಲಗೂಡು ಕಡೆಯ ಕಾಳೇಗೌಡರು ಎಂಬ ಹೊಗೆಸೊಪ್ಪಿನ ಬೆಳೆಗಾರರಿಗೆ ಒಮ್ಮೆ ಹಾಗೆ ತೋರಿಸಿದೆ. ಅವರ ಕಾರನ್ನು ಲಿಫ್ಟಿನಲ್ಲಿ ಮೇಲೆತ್ತುವಾಗ ಹಿಂದಿನ ಡಿಕ್ಕಿ ಬಾಗಿಲು ತೆರೆದೇ ಇತ್ತು. ಯಾರೂ ನೋಡಲಿಲ್ಲ. ಅದು ಮೇಲಿನ ತೊಲೆಗೆ ಸಿಕ್ಕಿಕೊಂಡು ಮಡಚಿಹೋಯಿತು. ಗೌಡರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಆ ಸಾಲನ್ನು ನಿಧಾನವಾಗಿ ಓದಿದರು.

“ಅಲ್ಲ ಸಾ, ಎಮ್ಮೇನ ದನಿನ್ ಆಸ್ಪತ್ರೇಲಿ ಬುಟ್ಟು ಬಂದ್ರೆ, ನೀವು ಅದ್ರ ಕಾಲ್ ಮುರ್ದು, ಎಮ್ಮೆ ನಿಂದು, ಒಣೇನೂ ನಿಂದು ಅಂದಂಗಾಯ್ತಲ್ಲ ಇದು” ಎಂದರು.

ನಾವು ನಕ್ಕೆವು. ಅವರು ನಗಲಿಲ್ಲ. ನೆಟ್ಟಗೆ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಅಲ್ಲಿ ನಮ್ಮ ಮ್ಯಾನೇಜರರನ್ನು ಕೇಳಿದ್ದು ಒಂದೇ ಪ್ರಶ್ನೆ: ಡಿಕ್ಕಿ ಬಾಗಿಲು ಮಡಚುವಾಗ ಕೀಲಿ ಯಾರ ಹತ್ತಿರ ಇತ್ತು? ಕೀಲಿ ಇಸಿದುಕೊಂಡ ಮೇಲೆ ಆ ಕಾರನ್ನು ಸ್ವಂತದ್ದರಂತೆ ಜೋಪಾನ ಮಾಡಬೇಕು, ನಿಮ್ಮ ಅಜಾಗರೂಕತೆಯನ್ನು ಸಣ್ಣ ಅಕ್ಷರ ಮುಚ್ಚುವುದಿಲ್ಲ ಎಂದು ಆದೇಶವಾಯಿತು. ಬಾಗಿಲಿನ ಖರ್ಚಿನ ಜೊತೆಗೆ ಅಲೆದಾಡಿಸಿದ್ದಕ್ಕೂ ಕಟ್ಟಬೇಕಾಯಿತು.

ಇದರಿಂದ ಮ್ಯಾನೇಜರು ಕಲಿತ ಪಾಠವೇ ಬೇರೆ. “ಶಂಕರ್, ಗಿರಾಕಿ ತಲೆಗೆ ಕಟ್ಟೋಕೆ ಆಗಲ್ಲ ಅಂತ ಆಯ್ತು. ಇನ್ನು ಮೇಲೆ ಯಾರ ಕೈಯಲ್ಲಿ ಕೆಡುತ್ತೋ ಅವನ ಸಂಬಳದಿಂದ ಬರಬೇಕು. ಯಾರು ಅಂತ ಗೊತ್ತಾಗೋ ಹಾಗೆ ಏನಾದ್ರೂ ಮಾಡು” ಎಂದರು.

ಮಾಡಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಬಳೆ ಅಂಗಡಿಗೆ ಹೋಗಿ ನಾಲ್ಕು ಬಣ್ಣದ ನಾಲ್ಕು ಬಾಟಲಿ ಉಗುರುಬಣ್ಣ ತಂದೆ. ಉಗುರುಬಣ್ಣ ಏಕೆಂದರೆ ಬೇಗ ಒಣಗುತ್ತದೆ, ನೀರಿಗೆ ಹೋಗುವುದಿಲ್ಲ. ನಮ್ಮಲ್ಲಿ ನಾಲ್ವರು ಮೆಕ್ಯಾನಿಕ್‌ಗಳಿದ್ದರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಚಕ್ರ ಬಿಚ್ಚಿ ಹಾಕಿದ ಮೇಲೆ ಅದರ ನಟ್ಟುಗಳನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ ಕೂರಿಸುತ್ತಾರೆ. ಕಾರು ನೆಲಕ್ಕೆ ಇಳಿದ ಮೇಲೆ, ಸಾಕಷ್ಟು ಬಿಗಿಯಾದಾಗ ‘ಟಕ್’ ಎನ್ನುವ ಉದ್ದನೆಯ ರೆಂಚಿನಿಂದ ಕೊನೆಯ ಬಿಗಿ ಕೊಡುತ್ತಾರೆ. ಟಕ್ ಎಂದ ಮೇಲೆ ಆ ನಟ್ಟಿಗೆ ತನ್ನ ಬಣ್ಣದ ಒಂದು ಬೊಟ್ಟು ಇಡಬೇಕು. ನಾಲ್ಕೂ ಚಕ್ರಕ್ಕೆ ಬೊಟ್ಟಿಲ್ಲದ ಕಾರನ್ನು ತೊಳೆಯುವ ಕಡೆಗೆ ಬಿಡಬಾರದು. ಯಾರ ಬೊಟ್ಟೋ ಅವರ ಹೊಣೆ. ಈ ಪದ್ಧತಿಯನ್ನು ಮ್ಯಾನೇಜರು ಮೀಟಿಂಗಿನಲ್ಲಿ ಹೊಗಳಿದರು, ನಾನು ಹಿಗ್ಗಿದೆ.

ಬಣ್ಣ ಹಂಚಿದ ದಿನ ಸ್ವಾಮಿಗೌಡ ತಡವಾಗಿ ಬಂದ. ಚನ್ನರಾಯಪಟ್ಟಣದ ಕಡೆಯವನು, ನಮ್ಮಲ್ಲಿ ಅತಿ ಹಳಬ. ಆರಡಿ ಆಳು, ಪೊದೆ ಮೀಸೆ. ಉಳಿದಿದ್ದು ಗುಲಾಬಿ ಬಣ್ಣ.

“ಏನ್ ಸಾ ಇದು, ನನ್ಗೆ ಮದ್ವೆ ಎಣ್ಣಿನ್ ಬಣ್ಣ ಮಡ್ಗಿದ್ದೀರಲ್ಲ!” ಎಂದ. ವಾರವೆಲ್ಲ ಉಳಿದವರು ಅವನಿಗೆ ಬಳೆ ಯಾವಾಗ, ಮಲ್ಲಿಗೆ ಹೂ ಯಾವಾಗ ಎಂದು ರೇಗಿಸಿದರು. ಆಮೇಲೆ ಅದೇ ಅವನ ಹೆಮ್ಮೆಯಾಯಿತು. ಚನ್ನರಾಯಪಟ್ಟಣ, ನುಗ್ಗೇಹಳ್ಳಿಯಿಂದ ಬರುವ ಗಿರಾಕಿಗಳು ಕಾರು ಬಿಡಿಸಿಕೊಳ್ಳುವಾಗ ಬಗ್ಗಿ ಚಕ್ರ ನೋಡುತ್ತಿದ್ದರು. “ಪಿಂಕ್ ಐತೆ. ಸ್ವಾಮಿ ಮಾಡವ್ನೆ, ಬುಡು” ಎಂದು ಹೇಳಿ, ಬಿಲ್ಲು ನೋಡದೆ ಹೊರಟುಬಿಡುತ್ತಿದ್ದರು. ಅವನ ಕೈಮೇಲೆ ಜನಕ್ಕೆ ಅಷ್ಟು ಭರವಸೆ, ಅವನಿಗೂ ಅಷ್ಟೇ.

ಒಂದು ದಿನ ಹೊಳೆನರಸೀಪುರದ ಶಾರದಮ್ಮ ಎಂಬ ಹೈಸ್ಕೂಲ್ ಮೇಡಂ ಅವರ ಕಾರು ಬ್ರೇಕಿನ ಕೆಲಸಕ್ಕೆ ಬಂದಿತ್ತು. ಅವರು ಹೊರಗಿನ ಸೋಫಾದ ಮೇಲೆ ಕುಳಿತು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಸ್ವಾಮಿಗೌಡ ಬ್ರೇಕು ಮುಗಿಸಿ ಚಕ್ರಗಳಿಗೆ ಕೊನೆಯ ಬಿಗಿ ಕೊಡುತ್ತಿದ್ದ. ಅಷ್ಟರಲ್ಲಿ ಗೇಟಿನಲ್ಲಿ ಇನ್ನೊಂದು ಕಾರು ಸ್ಟಾರ್ಟ್ ಆಗದೆ ದಾರಿಗಡ್ಡ ನಿಂತಿತು. ಹಿಂದಿನಿಂದ ಹಾರನ್ನು. “ಸ್ವಾಮೀ, ಓಡಿ ಬಾರೋ!” ಎಂದು ಕೂಗಿದವನು ನಾನೇ. ಅವನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ. ಆ ಕಾರಿನ ರಗಳೆ ಒಂದು ಗಂಟೆಗೂ ಮೇಲೆ ಹಿಡಿಯಿತು.

ಇತ್ತ ಮೇಡಂ ಅವರ ಕಾರನ್ನು ತೊಳೆಯಲು ಕಳಿಸಬೇಕು. ನೋಡಿದೆ. ಮೂರು ಚಕ್ರಕ್ಕೆ ಗುಲಾಬಿ ಬೊಟ್ಟು ಇತ್ತು, ಎಡಗಡೆ ಹಿಂಚಕ್ರಕ್ಕೆ ಇರಲಿಲ್ಲ. ಆ ಚಕ್ರದ ಪಕ್ಕದಲ್ಲೇ ಉಗುರುಬಣ್ಣದ ಬಾಟಲಿ, ರೆಂಚು ಎರಡೂ ಬಿದ್ದಿದ್ದವು. ಬಿಗಿ ಮಾಡಿದ್ದಾನೆ, ಬೊಟ್ಟಿಡುವಷ್ಟರಲ್ಲಿ ನಾನು ಕೂಗಿದ್ದೇನೆ ಎಂದುಕೊಂಡೆ. ಪಕ್ಕದಲ್ಲೇ ಇದ್ದ ರೆಂಚು ಎತ್ತಿ ನಾಲ್ಕು ನಟ್ಟಿಗೆ ಒಮ್ಮೆ ಹಾಕಿದ್ದರೆ ಗೊತ್ತಾಗಿಬಿಡುತ್ತಿತ್ತು. ನಾನು ಮೆಕ್ಯಾನಿಕ್ ಆಗಿದ್ದವನು, ಅದು ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ. ಇಸ್ತ್ರಿ ಶರಟು ಹಾಕಿಕೊಂಡ ಮೇಲೆ ರೆಂಚು ಮುಟ್ಟುವ ಅಭ್ಯಾಸ ತಪ್ಪಿಹೋಗಿತ್ತು. ಬಾಟಲಿ ಎತ್ತಿಕೊಂಡೆ, ಕುಕ್ಕರಗಾಲಿನಲ್ಲಿ ಕೂತೆ, ನಾಲ್ಕು ನಟ್ಟಿಗೂ ಗುಲಾಬಿ ಬೊಟ್ಟು ಇಟ್ಟೆ. ಯಾರೂ ನೋಡಲಿಲ್ಲ.

ಕಾರು ತೊಳೆದು ಬಂತು. ಗಿರಾಕಿಗೆ ಕೊಡುವ ಮೊದಲು ಕೆಲಸ ಮಾಡಿದ ಮೆಕ್ಯಾನಿಕ್ಕೇ ಒಂದು ಸುತ್ತು ಓಡಿಸಿ ನೋಡಬೇಕು. ಸ್ವಾಮಿಗೌಡ ಕೈ ಒರೆಸಿಕೊಳ್ಳುತ್ತ ಬಂದ. ಅವನದೊಂದು ಪದ್ಧತಿ ಇತ್ತು, ಹತ್ತುವ ಮೊದಲು ನಾಲ್ಕೂ ಚಕ್ರವನ್ನು ಬಗ್ಗಿ ನೋಡುತ್ತಿದ್ದ. ಅವತ್ತೂ ನೋಡಿದ. ಎಡಗಡೆ ಹಿಂಚಕ್ರದ ಹತ್ತಿರ ಒಂದು ಕ್ಷಣ ನಿಂತ ಹಾಗೆ ನನಗೆ ನೆನಪು. ತನ್ನದೇ ಬಣ್ಣ ಕಂಡಿತು, ಹತ್ತಿ ಹೊರಟ.

ಹೊಳೆನರಸೀಪುರದ ರಸ್ತೆಯಲ್ಲಿ, ಊರು ದಾಟಿ ಒಂದು ತಿರುವಿನಲ್ಲಿ ಆ ಚಕ್ರ ಕಳಚಿ ಹೋಯಿತು. ಕಾರು ಹಿಂದಕ್ಕೆ ಕುಸಿದು, ಉಜ್ಜಿಕೊಂಡು ಹೋಗಿ ಮೋರಿಯ ಕಲ್ಲಿಗೆ ಬಡಿಯಿತು. ನಾನು ಹೋಗಿ ನೋಡಿದಾಗ ಎಡಗಡೆಯ ಎರಡು ಬಾಗಿಲೂ ಒಳಕ್ಕೆ ಹೋಗಿದ್ದವು, ಆಕ್ಸಲ್ಲು ಬಗ್ಗಿತ್ತು. ಸ್ವಾಮಿಗೌಡ ಮೋರಿಯ ಮೇಲೆ ಕೂತು ಹಣೆಗೆ ಟವೆಲ್ ಒತ್ತಿ ಹಿಡಿದಿದ್ದ, ಟವೆಲ್ ಕೆಂಪಾಗಿತ್ತು. ನಾನು ರಸ್ತೆಯಲ್ಲಿ ಹಿಂದಕ್ಕೆ ನಡೆದು ನಟ್ಟುಗಳನ್ನು ಹುಡುಕಿದೆ. ಮೂರು ಸಿಕ್ಕವು. ಮೂರಕ್ಕೂ ಗುಲಾಬಿ ಬೊಟ್ಟು ಇತ್ತು. ಬರಿಗೈಯಲ್ಲಿ ಕೂರಿಸಿದ್ದ ನಟ್ಟುಗಳಿಗೆ ನಾನು ಬೊಟ್ಟಿಟ್ಟಿದ್ದೇನೆ ಎಂಬುದು ನನಗೆ ಅಲ್ಲೇ, ಆ ರಸ್ತೆಯ ಮೇಲೇ ತಿಳಿಯಿತು.

ಹತ್ತಿರ ಹೋದಾಗ ಸ್ವಾಮಿಗೌಡ ನನ್ನ ಮುಖ ನೋಡಿದ. “ಸಾ, ಇಂದಿನ್ ಚಕ್ರ ನಾನು ಟೈಟ್ ಮಾಡಿದ್ದೆ ಅಲ್ವಾ? ನೀವ್ ಕೂಗೋ ಒತ್ಗೆ ಮುಗ್ಸಿದ್ದೆ ಅಲ್ವಾ?”

ನಟ್ಟುಗಳು ನನ್ನ ಮುಷ್ಟಿಯಲ್ಲಿದ್ದವು. “ನೀನೇ ನೆನಪು ಮಾಡ್ಕೊ” ಎಂದೆ.

ಮೂವತ್ನಾಲ್ಕು ವರ್ಷದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು.

ಮಾರನೆಯ ದಿನ ಮ್ಯಾನೇಜರು ಆ ಮೂರು ನಟ್ಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ವಿಚಾರಣೆ ಮಾಡಿದರು. ಸ್ವಾಮಿಗೌಡನ ಹಣೆಗೆ ಹೊಲಿಗೆ ಹಾಕಿ ಪಟ್ಟಿ ಕಟ್ಟಿತ್ತು. ನಾನು ಮ್ಯಾನೇಜರ ಪಕ್ಕದಲ್ಲಿ ನಿಂತಿದ್ದೆ.

“ಯಾರ ಬಣ್ಣ ಇದು?”

“ನಂದೇ ಸಾ.”

“ಬಿಗಿ ಮಾಡಿದ್ಯಾ?”

ಅವನು ತನ್ನ ಬಲಗೈ ಮೇಲೆತ್ತಿ, ಅದು ಬೇರೆ ಯಾರದೋ ಎಂಬ ಹಾಗೆ ನೋಡಿಕೊಂಡ. “ಬೊಟ್ಟು ಮಡ್ಗಿವ್ನಿ ಅಂದ್ರೆ ಮಾಡಿರ್ಬೇಕು ಸಾ. ಮಾಡಿದ್ರೆ ಬಿಚ್ಕೋತಿರ್ಲಿಲ್ಲ. ಟಕ್ ಅಂದಿದ್ದು ಗ್ಯಾಪ್ಕ ಬತ್ತಿಲ್ಲ. ಬೊಟ್ಟು ಮಡ್ಗಿದ್ದೂ ಗ್ಯಾಪ್ಕ ಬತ್ತಿಲ್ಲ.”

ಇಟ್ಟಿದ್ದರೆ ತಾನೇ ಜ್ಞಾಪಕ ಬರುವುದು. ಬಾಯಿ ತೆರೆಯಲು ನನಗೆ ಅಲ್ಲಿ ಐದು ನಿಮಿಷ ಸಮಯವಿತ್ತು. ತೆರೆಯಲಿಲ್ಲ.

ಇನ್ನು ಕಾರಿನ ಖರ್ಚು. ಇಂಥದ್ದಕ್ಕೆಂದೇ ವರ್ಕ್‌ಶಾಪುಗಳು ಬೇರೆ ವಿಮೆ ಮಾಡಿಸಿಟ್ಟುಕೊಳ್ಳಬೇಕು. ನಮ್ಮಲ್ಲಿ ಅದನ್ನು ನವೀಕರಿಸಿರಲಿಲ್ಲ. ಮ್ಯಾನೇಜರು ಅಡ್ಡದಾರಿ ಹುಡುಕಿದರು. ಕಾರನ್ನು ಮೇಡಂ ಅವರೇ ಓಡಿಸುತ್ತಿದ್ದರು ಎಂದು ಬರೆಸಿಕೊಂಡರೆ ಅವರ ವಿಮೆಯಿಂದಲೇ ಹಣ ಬರುತ್ತದೆ. ಆ ಕಾಗದ ಹಿಡಿದು ಹೊಳೆನರಸೀಪುರಕ್ಕೆ ಹೋದವನೂ ನಾನೇ. ಶಾರದಮ್ಮನವರು ಕಾಗದವನ್ನು ಪೂರ್ತಿ ಓದಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

“ನಾನು ಕೂತಿದ್ದು ನಿಮ್ಮ ಸೋಫಾದ ಮೇಲೆ. ಓಡಿಸ್ತಿದ್ದೆ ಅಂತ ಬರೆದುಕೊಟ್ರೆ ಚಕ್ರ ಕಳಚಿದ್ದೂ ನನ್ನ ತಪ್ಪೇ ಆಗುತ್ತೆ. ಅಲ್ಲ ಶಂಕರಪ್ಪನವರೇ, ತಪ್ಪು ನಿಮ್ಮದು, ಸಹಿ ನನ್ನದಾ?” ಎಂದರು.

ಅವರು ವರ್ಕ್‌ಶಾಪನ್ನು ಕುರಿತು ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಬಾರಿಸಿದಂತಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಆ ಮೋರಿ ಕಂಡಿತು, ಮುಖ ತಿರುಗಿಸಿಕೊಂಡೆ. ನಾಳೆ ಹೇಳುತ್ತೇನೆ ಎಂದು ನಿರ್ಧಾರ ಮಾಡಿದೆ. ಮರುದಿನ ಹೇಳಲಿಲ್ಲ, ಅದರ ಮರುದಿನವೂ ಹೇಳಲಿಲ್ಲ. ಮೊದಲ ದಿನ ಹೇಳಿದ್ದರೆ ಅದು ತಪ್ಪೊಪ್ಪಿಗೆ, ವಾರದ ಮೇಲೆ ಹೇಳಿದರೆ ಮೋಸಗಾರ ಎನ್ನಿಸಿಕೊಳ್ಳಬೇಕು. ದಿನ ಕಳೆದ ಹಾಗೆ ಬಾಯಿ ಇನ್ನಷ್ಟು ಕಟ್ಟಿಕೊಂಡಿತು. ಮನೆ ಸಾಲ ಇತ್ತು, ಕೆಲಸ ಹೋಗುವ ಭಯ ಇತ್ತು ಎಂದು ನೆಪ ಹೇಳಬಹುದು. ಸ್ವಾಮಿಗೌಡನಿಗೂ ಅವೆಲ್ಲ ಇದ್ದವು.

ವರ್ಕ್‌ಶಾಪು ಮೇಡಂ ಅವರ ಕಾರು ಸರಿಮಾಡಿಸಿ ಕೊಟ್ಟಿತು, ಸ್ವಾಮಿಗೌಡನ ಸಂಬಳದಿಂದ ತಿಂಗಳು ತಿಂಗಳು ಹಿಡಿದುಕೊಂಡಿತು. ಅವನು ತಕರಾರು ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಶುರುವಾದದ್ದು ಆಮೇಲೆ. ಒಂದು ನಟ್ಟನ್ನು ಮೂರು ಸಲ ಬಿಗಿ ಮಾಡುತ್ತಿದ್ದ. ಬೊಟ್ಟಿಟ್ಟ ಮೇಲೆ ಮತ್ತೆ ರೆಂಚು ಹಾಕುತ್ತಿದ್ದ. ತೊಳೆಯಲು ಹೋದ ಕಾರನ್ನು ನಿಲ್ಲಿಸಿ, “ತಡಿ ಕಣಪ್ಪ, ಇನ್ನೊಂದ್ಸಲ” ಎನ್ನುತ್ತಿದ್ದ. ದಿನಕ್ಕೆ ಐದು ಕಾರು ಮುಗಿಸುತ್ತಿದ್ದವನು ಎರಡಕ್ಕೆ ಇಳಿದ. ಚಕ್ರ ಕಳಚಿದ ದಿನ ಅವನು ಕುಡಿದು ಬಂದಿದ್ದನಂತೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ನಾನು ಆ ಮಾತನ್ನೂ ತಡೆಯಲಿಲ್ಲ. ಚನ್ನರಾಯಪಟ್ಟಣದ ಗಿರಾಕಿಗಳು ಗುಲಾಬಿ ಕಂಡರೆ ಬೇರೆಯವರ ಕೈಲಿ ಇನ್ನೊಮ್ಮೆ ನೋಡಿಸಿ ಎನ್ನತೊಡಗಿದರು. ಒಂದು ಸಂಜೆ ಅವನು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟ.

“ಕೈ ಮ್ಯಾಲೆ ನಂಬ್ಕೆ ಓಯ್ತು ಸಾ. ನಾಳೆ ಯಾರಾರ ಸತ್ರೆ?” ಎಂದು ಹೇಳಿ ಕೆಲಸ ಬಿಟ್ಟು ಹೋದ.

ನಾನು ಮಾತ್ರ ವಯಸ್ಸಾಗುವವರೆಗೂ ಕೆಲಸ ಮಾಡಿ, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಅವತ್ತಿನ ಭಾಷಣದಲ್ಲಿ ಮ್ಯಾನೇಜರು ಉಗುರುಬಣ್ಣದ ಪದ್ಧತಿಯನ್ನು ಮತ್ತೊಮ್ಮೆ ಹೊಗಳಿದರು. ಹಾರ ಕತ್ತಿಗೆ ಚುಚ್ಚುತ್ತಿತ್ತು. ಆಗ ಕೈಗೆ ಬಂದ ಹಣದಲ್ಲಿ ಸ್ವಾಮಿಗೌಡನಿಂದ ಹಿಡಿದುಕೊಂಡಿದ್ದಷ್ಟನ್ನು ಲಕೋಟೆಗೆ ಹಾಕಿಕೊಂಡು, ಮುಂದಿನ ವಾರವೇ ನುಗ್ಗೇಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಅವನು ಹೆಂಡತಿಯ ತವರಿನ ಮಗ್ಗುಲಲ್ಲೇ ಮನೆ ಮಾಡಿಕೊಂಡು, ಕೊಬ್ಬರಿ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕೆ ಹೋಗುತ್ತಾನೆ ಎಂದು ಕೇಳಿದ್ದೆ.

ಅವನ ಮೀಸೆ ಬೆಳ್ಳಗಾಗಿತ್ತು. “ಬನ್ನಿ ಸಾ, ಬನ್ನಿ” ಎಂದು ಗೇಟು ತೆರೆದು ನನ್ನನ್ನು ಒಳಗೆ ಬಿಟ್ಟುಕೊಂಡ. ಚಿಲಕ ಹಾಕಿದ. ಎರಡು ಹೆಜ್ಜೆ ಬಂದು, ತಿರುಗಿ ಹೋಗಿ ಗೇಟು ಅಲ್ಲಾಡಿಸಿ ನೋಡಿದ. ಜಗುಲಿಯವರೆಗೆ ಬಂದವನು ಮತ್ತೆ ಹೋಗಿ ನೋಡಿ ಬಂದ. ಒಳಗಿನಿಂದ ಹೆಂಡತಿ ಜಯಮ್ಮ, “ಸಾಕು ಬನ್ನಿ ಅತ್ಲಾಗೆ, ಗೇಟೇನ್ ಓಡೋದದಾ?” ಎಂದರು.

“ಗ್ಯಾಸೂ ಇಂಗೇಯ ಸಾ. ಮೂರ್ ಮೂರ್ ಸಲ. ಜನ ನಗ್ತವ್ರೆ” ಎಂದ, ತಾನೂ ನಗಲು ನೋಡುತ್ತ.

ಜಗುಲಿಯ ಮೇಲೆ ಕೂತು ಎಲ್ಲ ಹೇಳಿದೆ. ಕೂಗಿದ್ದು, ಬಾಟಲಿ ಎತ್ತಿದ್ದು, ಬೊಟ್ಟಿಟ್ಟಿದ್ದು, ರಸ್ತೆಯಲ್ಲಿ ಆಡಿದ ಮಾತು. ಏನೂ ಬಿಡಲಿಲ್ಲ. ಅವನು ನೆಲ ನೋಡುತ್ತ ಕೇಳಿದ.

“ಅಂಗಾದ್ರೆ ನಾನು ಮರ್ತಿರ್ಲಿಲ್ವಾ ಸಾ?”

“ಇಲ್ಲ ಸ್ವಾಮಿ. ನಿನಗೆ ಮುಗಿಸೋಕೆ ಬಿಡಲಿಲ್ಲ ನಾನು.”

“ಅವತ್ತು ಮೋರಿ ಮ್ಯಾಲೆ ಕೂತ್ಕಂಡು ನಿಮ್ಮುನ್ನೇ ಕೇಳ್ದೆ.”

“ಹೌದು.”

ಲಕೋಟೆ ಮುಂದಿಟ್ಟೆ. ಬೇಡ ಎನ್ನುತ್ತಾನೆ, ನಾನು ಬಲವಂತ ಮಾಡಬೇಕು ಎಂದುಕೊಂಡಿದ್ದೆ. ಅವನು ತೆಗೆದುಕೊಂಡ. “ಇದು ನಂದೇ ಅಲ್ವಾ” ಎಂದು ಜೇಬಿಗೆ ಹಾಕಿಕೊಂಡ. ಆಮೇಲೆ ಎದ್ದು ನಿಂತ.

“ಒಳೀಕ್ ಬನ್ನಿ. ನನ್ ಮುಂದೆ ಯೋಳಿದ್ದು ಸಾಕು. ಅವ್ಳ ಮುಂದೆ ಯೋಳಿ.”

ಜಯಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಅವರು ಕೋಲು ಹಿಡಿದ ಕೈ ನಿಲ್ಲಿಸಿ ಪೂರ್ತಿ ಕೇಳಿದರು. ಕೇಳಿ, ನನ್ನನ್ನಲ್ಲ, ಗಂಡನನ್ನು ನೋಡಿದರು.

“ಅವತ್ತು ನೀವು ಕುಡ್ದಿರ್ಲಿಲ್ವಾ?”

“ಅವತ್ತಿಂದ್ಲೂ ನಾನು ಅದೇ ಯೋಳ್ತಾ ಇವ್ನಲ್ಲ” ಎಂದ ಸ್ವಾಮಿಗೌಡ.

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಮನೆಗೆ ಬಂದವರನ್ನು ಊಟದ ಹೊತ್ತಿನಲ್ಲಿ ಹಾಗೇ ಕಳಿಸುವ ಜನ ಅಲ್ಲ ಅವರು. ಅಷ್ಟಾದ ಮೇಲೂ ಅಭ್ಯಾಸಬಲದಿಂದ ಒಂದು ತಟ್ಟೆ ತೆಗೆದು, “ಉಣ್ಕೊಂಡು ಓಗ್ತೀರಾ?” ಎಂದರು.

“ಬ್ಯಾಡ. ಅವ್ರು ಓಗ್ಲಿ” ಎಂದ ಸ್ವಾಮಿಗೌಡ.

ಗೇಟಿನವರೆಗೆ ಬಂದ. ನಾನು ಹೊರಗೆ ಕಾಲಿಟ್ಟ ಮೇಲೆ ಹಿಂದೆ ಚಿಲಕ ಬಿದ್ದ ಸದ್ದಾಯಿತು, ಹೆಜ್ಜೆಗಳು ಒಳಗೆ ಹೋದವು. ನಾನು ರಸ್ತೆಯಲ್ಲೇ ನಿಂತೆ. ಇನ್ನು ಮೇಲಾದರೂ ಒಂದೇ ಸಲ ಸಾಕಾಗಬಹುದು ಎಂದು ಆಸೆಯಿಂದ ಕಾದೆ. ಹೆಜ್ಜೆಗಳು ವಾಪಸು ಬಂದವು. ಅವನು ಗೇಟು ಅಲ್ಲಾಡಿಸಿ ನೋಡಿ ಹೋದ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಂದು ಅಲ್ಲಾಡಿಸಿ ನೋಡಿದ.